ಗಂಟೆ ಕೇಳಿಸಿತು ಅಂದವಳು

ಲಾಂಡ್ರಿಯ ದೊಡ್ಡ ಹಾಲಿನಲ್ಲಿ, ರೋಲರ್ ಯಂತ್ರದ ನೆತ್ತಿಯ ಮೇಲೆ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಒಂದು ಬೋರ್ಡು ಹೊಡೆದಿದ್ದರು. ನಿಮ್ಮ ಕಷ್ಟ ಏನೇ ಇರಲಿ, ಈ ನಂಬರಿಗೆ ಫೋನ್ ಮಾಡಿ ಹೇಳಿ. ಕೆಳಗೆ ಕಿವಿಗೆ ಫೋನ್ ಹಿಡಿದು ನಗುತ್ತಿರುವ ಒಬ್ಬ ಹೆಂಗಸಿನ ಚಿತ್ರ. ಆ ಬೋರ್ಡಿನ ಕೆಳಗೆ ದಿನವಿಡೀ ನಿಂತು ದುಡಿಯುತ್ತಿದ್ದವರೆಲ್ಲ ಕಿವುಡರು. ಬೋರ್ಡು ಹೊಡೆಸಿದ ಪುಣ್ಯಾತ್ಮನಿಗೆ ಇದರಲ್ಲಿ ತಮಾಷೆಯೇನೂ ಕಾಣಲಿಲ್ಲ.

ಕಿವುಡರನ್ನು ಅಲ್ಲಿ ತಂದು ನಿಲ್ಲಿಸಿದ್ದರ ಹಿಂದೆಯೂ ಭಾರೀ ಬುದ್ಧಿವಂತಿಕೆ ಇತ್ತು. ಆ ರೋಲರು ಆಸ್ಪತ್ರೆಗಳ, ಹೋಟೆಲುಗಳ ಒದ್ದೆ ಬೆಡ್‌ಶೀಟುಗಳನ್ನು ಒಂದು ಕಡೆಯಿಂದ ನುಂಗಿ, ಕಾದ ಉರುಳೆಗಳ ನಡುವೆ ಒಣಗಿಸಿ, ಇಸ್ತ್ರಿ ಮಾಡಿ ಇನ್ನೊಂದು ಕಡೆ ಉಗುಳುತ್ತಿತ್ತು. ಸದ್ದು ಅಂದರೆ ಸದ್ದು. ಕಿವಿ ಇದ್ದವರು ಕೆಲವು ದಿನ ಅದರ ಮುಂದೆ ನಿಂತರೆ ಮನೆಗೆ ಹೋಗಿ ಹೆಂಡತಿ ಮಕ್ಕಳ ಮೇಲೆ ಕಿರುಚತೊಡಗುತ್ತಿದ್ದರು. ಒಬ್ಬರ ಹಿಂದೊಬ್ಬರು ಕೆಲಸ ಬಿಟ್ಟರು. ಕಾರ್ಮಿಕ ಇಲಾಖೆಯವರು ಬಂದು, ಇವರ ಕಿವಿಗೆ ಏನಾದರೂ ರಕ್ಷಣೆ ಕೊಡಿ ಅಂದರು. ಮ್ಯಾನೇಜರ ತಲೆ ಓಡಿಸಿದ. ಕಿವಿಗೆ ರಕ್ಷಣೆ ಕೊಡುವ ಬದಲು ಕಿವಿ ಕೇಳದವರನ್ನೇ ಹುಡುಕಿ ತಂದ. ಯಾರಿಗೂ ಬೇಡದವರಿಗೆ ಕೆಲಸ ಕೊಟ್ಟ ಧರ್ಮಾತ್ಮ ಎಂದು ಪೇಪರಿನಲ್ಲಿ ಅವನ ಫೋಟೋ ಬಂತು. ದೊಡ್ಡ ಸಭೆಯೊಂದರಲ್ಲಿ ಕರೆದು ಹಿತ್ತಾಳೆಯ ಫಲಕ ಕೊಟ್ಟರು. ಅದನ್ನು ಅವನು ಹಾಲಿನ ಮೇಲಿನ ಮಹಡಿಯಲ್ಲಿದ್ದ ತನ್ನ ಆಫೀಸಿನಲ್ಲಿ, ಕುರ್ಚಿಯ ಹಿಂದಿನ ಗೋಡೆಗೆ ಹೊಡೆಸಿಕೊಂಡ. ಎದುರು ಕೂತವರು ಅವನ ಮುಖದ ಜೊತೆಗೆ ಅದನ್ನೂ ನೋಡಲೇಬೇಕು.

ಪೇಪರಿನ ಆ ಫೋಟೋದಲ್ಲಿ ಎಲ್ಲರೂ ನಗುತ್ತಿದ್ದಾರೆ, ಮ್ಯಾನೇಜರನ ಎಡಗಡೆ ನಿಂತ ಹೆಂಗಸೊಬ್ಬಳನ್ನು ಬಿಟ್ಟು. ಅವಳೇ ಹುಬ್ಬಕ್ಕ. ಕಿವುಡರು ಒಬ್ಬರಿಗೊಬ್ಬರು ಹೆಸರಿಡುವುದು ಕೈಯಲ್ಲಿ. ಯಾರಲ್ಲಿ ಏನು ಎದ್ದು ಕಾಣುತ್ತದೋ ಅದೇ ಅವರ ಹೆಸರು. ಇವಳು ಯಾರ ಮಾತನ್ನೂ ಒಂದೇ ಸಲಕ್ಕೆ ನಂಬಿದವಳಲ್ಲ. ಎಡಹುಬ್ಬು ತಾನಾಗಿ ಮೇಲೆ ಹೋಗುತ್ತದೆ. ಆದ್ದರಿಂದ ಬೆರಳಲ್ಲಿ ಹುಬ್ಬನ್ನು ಮೇಲೆತ್ತಿ ತೋರಿಸಿದರೆ ಅದು ಅವಳ ಹೆಸರು. ಕಿವಿ ಇದ್ದವರು ಅವಳನ್ನು ಮೂಗಿ ಅನ್ನುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಹೇಗಿದ್ದರೂ ಕೇಳಿಸುವುದಿಲ್ಲವಲ್ಲ. ತುಟಿ ನೋಡಿದರೆ ಆ ಎರಡಕ್ಷರ ಯಾವ ಕಿವುಡರಿಗಾದರೂ ಗೊತ್ತಾಗುತ್ತದೆ ಎನ್ನುವುದು ಅವರ ತಲೆಗೆ ಹೊಳೆದಿರಲಿಲ್ಲ.

ರೋಲರಿನ ಬಾಯಲ್ಲಿ ಅವಳ ಜೋಡಿ ಗುಂಗುರಿ. ಅವಳ ಹೆಸರು ಬಂದದ್ದು ಅವಳ ಕೂದಲಿನಿಂದ. ಹುಬ್ಬಕ್ಕನಿಗಿಂತ ತುಂಬಾ ಚಿಕ್ಕವಳು, ಬಾಯಿ ತುಂಬ ನಗುವವಳು, ಕೈ ತುಂಬ ಮಾತಾಡುವವಳು. ಒಬ್ಬಳು ಶೀಟಿನ ಈ ತುದಿ, ಇನ್ನೊಬ್ಬಳು ಆ ತುದಿ. ಎತ್ತಬೇಕು, ಝಾಡಿಸಬೇಕು, ಎಳೆದು ಬಿಗಿ ಮಾಡಬೇಕು, ಉರುಳೆಯ ತುಟಿಗೆ ಕೊಡಬೇಕು. ಒದ್ದೆ ಬಟ್ಟೆ ಹೆಣಭಾರ. ಮುಂಗೈಗೆ ಬಿಸಿ ಹೊಡೆದು ಚರ್ಮ ಸುಲಿಯುತ್ತಿತ್ತು. ಸಂಜೆಗೆ ಮಣಿಕಟ್ಟು ಊದಿ ಬಳೆ ಬಿಗಿಯಾಗುತ್ತಿತ್ತು. ಕಾಲು ಕಾಲಾಗಿ ಉಳಿಯುತ್ತಿರಲಿಲ್ಲ. ಮೇಸ್ತ್ರಿ ಬಂದು ಇವರ ಮುಖದ ಮುಂದೆ ಚಿಟಿಕೆ ಹೊಡೆದು, ಬೇಗ ಬೇಗ ಎಂದು ಕೈ ತಿರುಗಿಸಿ ಹೋಗುತ್ತಿದ್ದ. ಅವನಿಗೆ ಬರುತ್ತಿದ್ದ ಕೈಮಾತು ಅದೊಂದೇ.

ಆಗಾಗ ಶೀಟು ಮುದುಡಿ ಉರುಳೆಯ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಯಂತ್ರ ನಿಲ್ಲಿಸಿ, ಇವರು ಕೈ ಹಾಕಿ ಅದನ್ನು ಎಳೆದು ತೆಗೆಯಬೇಕು. ಯಂತ್ರ ಮತ್ತೆ ಶುರು ಮಾಡುವವನು ಆಚೆ ಬದಿಯಲ್ಲಿ. ಅವನಿಗೆ ಇವರು ಕಾಣುವುದಿಲ್ಲ, ಇವರಿಗೆ ಅವನು ಕಾಣುವುದಿಲ್ಲ. ಶುರು ಮಾಡುವ ಮುಂಚೆ ಅವನು ಗಂಟೆ ಹೊಡೆಯುತ್ತಾನೆ. ಗಂಟೆ ಕೇಳಿದ ಕೂಡಲೇ ಕೈ ತೆಗೆಯಬೇಕು. ಇದು ಕಂಪನಿಯ ಸುರಕ್ಷತಾ ನಿಯಮ. ಕಿವುಡರನ್ನು ನಿಲ್ಲಿಸಿದ ಜಾಗಕ್ಕೆ ಗಂಟೆ.

ಒಂದು ಕೆಂಪು ದೀಪ ಹಾಕಿಸಿ ಎಂದು ಹುಬ್ಬಕ್ಕ ಎಷ್ಟೋ ಸಲ ಕೇಳಿದಳು. ಮೇಸ್ತ್ರಿ ಬೋರ್ಡು ತೋರಿಸಿದ. ಫೋನ್ ಮಾಡು. ಅವಳು ಮನೆಗೆ ಹೋಗಿ ಅಣ್ಣನಿಗೆ ಹೇಳಿದಳು. ಅಣ್ಣ ಅದೇ ಲಾಂಡ್ರಿಯ ವ್ಯಾನ್ ಓಡಿಸುವವನು. ಅಪ್ಪ ಅಮ್ಮ ಹೋದ ಮೇಲೆ ಅವಳು ಇದ್ದದ್ದು ಅಣ್ಣ ಅತ್ತಿಗೆಯ ಜೊತೆ, ಅವಳ ಫೋನಿನ ಮಾತೆಲ್ಲವೂ ಅಣ್ಣನ ಬಾಯಲ್ಲಿ. "ಹೇಳಿದೀನಿ, ನೋಡ್ತಾರಂತೆ" ಎಂದು ಅವನು ಕೈಯಾಡಿಸುತ್ತಿದ್ದ. ದೀಪ ಬರಲಿಲ್ಲ. ಕಿವುಡರು ತಮ್ಮ ದಾರಿ ತಾವೇ ನೋಡಿಕೊಂಡರು. ಉರುಳೆ ತಿರುಗುವುದಕ್ಕೆ ಸ್ವಲ್ಪ ಮುಂಚೆ ಒಳಗಿನ ಮೋಟರು ಏಳುತ್ತದೆ, ಯಂತ್ರದ ಚೌಕಟ್ಟು ಒಮ್ಮೆ ನಡುಗುತ್ತದೆ. ಸಂದಿಗೆ ಕೈ ಹಾಕುವಾಗ ಸೊಂಟವನ್ನು ಚೌಕಟ್ಟಿಗೆ ಒತ್ತಿಕೊಂಡಿದ್ದರೆ ನಡುಕ ಮೈಗೆ ಬರುತ್ತದೆ. ಬಂತೋ, ಕೈ ಹೊರಗೆ. ಹೊಸಬರು ಬಂದರೆ ಹುಬ್ಬಕ್ಕ ಮೊದಲು ಕಲಿಸುತ್ತಿದ್ದದ್ದು ಇದನ್ನೇ. ಸೊಂಟ ಒತ್ತು, ಆಮೇಲೆ ಕೈ ಹಾಕು.

ಆ ನಡುಕ ಮೇಲಿನ ಆಫೀಸಿಗೂ ಹೋಗುತ್ತಿತ್ತು. ಮ್ಯಾನೇಜರನ ಮೇಜಿನ ಮೇಲೆ ಚಹಾ ತುಳುಕುತ್ತಿತ್ತು. ಅದನ್ನಾದರೂ ಸಹಿಸಿಕೊಂಡಿದ್ದ. ಆದರೆ ಗೋಡೆಯ ಮೇಲಿನ ಫಲಕ ದಿನಾ ಒಂದು ಕಡೆಗೆ ವಾಲುತ್ತಿತ್ತು. ಸೊಟ್ಟ ಫಲಕದ ಕೆಳಗೆ ಕೂತ ಧರ್ಮಾತ್ಮ ಹೇಗೆ ಕಾಣುತ್ತಾನೆ? ಒಂದು ರಜೆಯ ದಿನ ಜನ ಕರೆಸಿ ರೋಲರಿನ ನಾಲ್ಕೂ ಕಾಲಿಗೆ ದಪ್ಪ ರಬ್ಬರು ಕೊಡಿಸಿದ. ಕೆಳಗೆ ಕೆಲಸ ಮಾಡುವವರಿಗೆ ಯಾರೂ ಹೇಳಲಿಲ್ಲ. ಅವರಿಗೆ ಹೇಳುವಂಥದ್ದು ಏನಿದೆ?

ಮಾರನೆಯ ಬೆಳಿಗ್ಗೆ ಕಿವುಡರಿಗೆ ಖುಷಿಯೇ ಆಯಿತು. ಪಾದ ಜುಮುಗುಡುವುದು ಕಡಿಮೆಯಾಗಿತ್ತು. "ಯಂತ್ರ ರಿಪೇರಿ ಮಾಡಿಸಿದಾರೆ ಕಣೇ, ಬೆಣ್ಣೆ ಹಾಗೆ ಓಡ್ತಿದೆ" ಎಂದು ಗುಂಗುರಿ ಕೈಯಾಡಿಸಿದಳು. ಹುಬ್ಬಕ್ಕನ ಹುಬ್ಬು ಕೂಡ ಅವತ್ತು ಮೇಲೆ ಹೋಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಶೀಟು ಸಿಕ್ಕಿಕೊಂಡಿತು. ಗುಂಗುರಿ ಸೊಂಟ ಒತ್ತಿದಳು, ಬಲಗೈ ಹಾಕಿದಳು. ಆಚೆ ಗಂಟೆ ಹೊಡೆದಿರಬೇಕು. ಚೌಕಟ್ಟಿನಿಂದ ಸೊಂಟಕ್ಕೆ ಏನೂ ಬರಲಿಲ್ಲ. ಉರುಳೆ ತಿರುಗಿತು.

ಗುಂಗುರಿಯ ಬಾಯಿ ತೆರೆದುಕೊಂಡದ್ದನ್ನು ಹುಬ್ಬಕ್ಕ ಕಂಡಳು. ಓಡಿ ಹೋಗಿ ನಿಲ್ಲಿಸುವ ಗುಂಡಿಯನ್ನು ಮುಷ್ಟಿಯಲ್ಲಿ ಗುದ್ದಿದಳು. ಉರುಳೆ ಬಿಡಿಸಲು ಜನ ಬರುವವರೆಗೆ ಅವಳ ತಲೆಯನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡು ನಿಂತಳು. ಸುಟ್ಟ ಚರ್ಮದ ವಾಸನೆ, ಶುಭ್ರವಾದ ಸೋಪಿನ ವಾಸನೆ, ಎರಡೂ ಒಟ್ಟಿಗೆ. ಗುಂಗುರಿಯನ್ನು ಕರೆದೊಯ್ದ ಮೇಲೆ ಬಗ್ಗಿ ನೋಡಿದಳು, ಯಂತ್ರದ ಕಾಲಡಿಯ ಹೊಸ ರಬ್ಬರು ಕಣ್ಣಿಗೆ ಬಿತ್ತು.

ಬೆರಳು ಉಳಿದವು, ಆದರೆ ಸೊಟ್ಟಗೆ ಮಡಚಿಕೊಂಡವು. ಬೇರೆಯವರ ಕೈ ಸುಟ್ಟರೆ ಕೆಲಸ ಹೋಗುತ್ತದೆ. ಗುಂಗುರಿಗೆ ಮಾತೂ ಹೋಯಿತು. ಎರಡು ಕೈಯಲ್ಲಿ ಮಳೆ ಸುರಿದ ಹಾಗೆ ಮಾತಾಡುತ್ತಿದ್ದವಳು ಈಗ ಎಡಗೈಯೊಂದರಲ್ಲೇ ತೊದಲಬೇಕು.

ಕಂಪನಿ ತಕ್ಷಣ ವಿಚಾರಣೆ ಶುರು ಮಾಡಿತು. ಕೈ ಸುಟ್ಟದ್ದು ಯಾಕೆ ಎಂದಲ್ಲ, ತಪ್ಪು ಅವಳದು ಎಂದು ಬರೆದು ಮುಗಿಸುವುದು ಹೇಗೆ ಎಂದು. ಅವಳ ಅಜಾಗರೂಕತೆ ಎಂದಾದರೆ ಅವಳು ಮನೆಗೆ, ಯಂತ್ರ ಇದ್ದ ಹಾಗೇ ಇರುತ್ತದೆ. ಮುಖ್ಯ ಕಚೇರಿಯ ವಿಚಾರಣಾಧಿಕಾರಿ ಸಾಕ್ಷಿಗಳನ್ನು ಫೋನಿನಲ್ಲಿ ಕೇಳುತ್ತಾರಂತೆ. ಕಣ್ಣಾರೆ ಕಂಡ ಸಾಕ್ಷಿ ಒಬ್ಬಳೇ, ಹುಬ್ಬಕ್ಕ. ತನ್ನನ್ನು ಕರೆಯುತ್ತಾರೆಂದು ಅವಳು ಕಾದಳು. ಯಾರೂ ಕರೆಯಲಿಲ್ಲ. ಉಳಿದವರು ಸಂದಿಗೆ ಕೈ ಬದಲು ಪೊರಕೆಯ ಹಿಡಿ ಹಾಕಿ ಶೀಟು ಎಳೆಯತೊಡಗಿದರು. ಮೇಸ್ತ್ರಿ ಬಂದು ಪೊರಕೆ ಕಿತ್ತುಕೊಂಡ, ಶೀಟು ಹರಿಯುತ್ತದಂತೆ.

ಒಂದು ದಿನ ಗೇಟಿನ ಹತ್ತಿರ ಗುಂಗುರಿ ನಿಂತಿದ್ದಳು. ಬಲಗೈ ಬ್ಯಾಂಡೇಜಿನಲ್ಲಿ ದಿಂಬಿನಷ್ಟಾಗಿತ್ತು.

"ನಿನ್ನನ್ನ ಕೇಳಿದ್ರಾ?" ಎಂದು ಎಡಗೈಯಲ್ಲಿ ಕೇಳಿದಳು.

"ಇನ್ನೂ ಇಲ್ಲ."

"ಎಲ್ಲ ಮುಗೀತಂತಲ್ಲ ಅಕ್ಕ. ತಪ್ಪು ನಂದೇ ಅಂತ ಬರೀತಾರಂತೆ. ನೀನೇ ನೋಡಿದೀಯ. ನೀನೂ ಸುಮ್ನಿದ್ದುಬಿಟ್ರೆ ನಾನು ಯಾರ ಹತ್ರ ಹೋಗ್ಲಿ?"

ಹುಬ್ಬಕ್ಕನಿಗೆ ಮೈಯುರಿದು ಹೋಯಿತು. ಮುಗಿಯುವುದಕ್ಕೆ ತಾನು ಇನ್ನೂ ಹೇಳಿಯೇ ಇಲ್ಲವಲ್ಲ.

ಆಗ ಕಿವುಡರಿಗೆಂದು ಒಂದು ವಿಡಿಯೋ ಕರೆ ಸೇವೆ ಹೊಸದಾಗಿ ಶುರುವಾಗಿತ್ತು. ಫೋನಿನ ಪರದೆಯ ಮೇಲೆ ಒಬ್ಬ ದುಭಾಷಿ ಬರುತ್ತಾಳೆ. ನೀವು ಕೈಯಲ್ಲಿ ಹೇಳಿದ್ದನ್ನು ಅವಳು ಆಚೆಯವರಿಗೆ ಬಾಯಲ್ಲಿ ಹೇಳುತ್ತಾಳೆ. ಆಚೆಯವರ ಮಾತನ್ನು ನಿಮಗೆ ಕೈಯಲ್ಲಿ ಹೇಳುತ್ತಾಳೆ. 'ಇವರು ಹೀಗೆ ಹೇಳುತ್ತಿದ್ದಾರೆ' ಅನ್ನುವಂತಿಲ್ಲ, 'ನಾನು' ಎಂದೇ ಅನ್ನಬೇಕು. ತನ್ನದೊಂದು ಮಾತು ಸೇರಿಸುವಂತಿಲ್ಲ, ಆಚೆಯವರದೊಂದು ಬಿಡುವಂತಿಲ್ಲ. ಆಚೆ ನಾಯಿ ಬೊಗಳಿದರೆ ನಾಯಿ ಬೊಗಳುತ್ತಿದೆ ಎಂದು ತಿಳಿಸಬೇಕು. ಒಳ್ಳೆಯ ಸೇವೆಯೇ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆದು ಸಂಜೆ ಐದಕ್ಕೆ ಹಾಕುತ್ತಿತ್ತು, ಅಷ್ಟೇ. ಐದರ ಮೇಲೆ ಕಿವುಡರಿಗೆ ಮಾತಾಡುವಂಥದ್ದೇನಿರುತ್ತದೆ ಎಂದು ಯಾರೋ ದೊಡ್ಡವರು ತೀರ್ಮಾನಿಸಿದ್ದರು. ಒಂಬತ್ತರಿಂದ ಐದರವರೆಗೆ ಕಿವುಡರೆಲ್ಲ ಕೆಲಸದಲ್ಲಿರುತ್ತಾರೆ, ಅವರ ಫೋನು ಕಂಪನಿಯ ಪೆಟ್ಟಿಗೆಯಲ್ಲಿರುತ್ತದೆ ಎನ್ನುವುದು ಆ ದೊಡ್ಡವರಿಗೆ ತಿಳಿಯುವ ವಿಷಯವಲ್ಲ.

ಉಳಿದದ್ದು ಊಟದ ಬಿಡುವು, ಆಗ ಮಾತ್ರ ಫೋನು ಕೈಗೆ ಸಿಗುತ್ತಿತ್ತು. ಹುಬ್ಬಕ್ಕ ಊಟ ಬಿಟ್ಟು ಹಿಂದಿನ ಮೆಟ್ಟಿಲ ಮೇಲೆ ಬೆಳಕಿದ್ದ ಕಡೆ ಕೂತು, ಶೀಟಿನ ಮೂಟೆಗೆ ಫೋನು ಒರಗಿಸಿ ಕರೆ ಹಚ್ಚಿದಳು. ಎಲ್ಲ ದುಭಾಷಿಗಳೂ ಬೇರೆ ಕರೆಯಲ್ಲಿದ್ದಾರೆ, ದಯವಿಟ್ಟು ಕಾಯಿರಿ. ಕಾದಳು. ಬಿಡುವು ಮುಗಿಯುವ ಹೊತ್ತಿಗೆ ಕಪ್ಪು ಅಂಗಿಯ ಹೆಂಗಸೊಬ್ಬಳು ಪರದೆಗೆ ಬಂದಳು. ವಿಚಾರಣಾಧಿಕಾರಿಯ ಕಚೇರಿಗೆ ಫೋನು ಹೋಯಿತು. ಇದು ಕಿವುಡರ ವಿಡಿಯೋ ಕರೆ ಸೇವೆ ಎಂದು ದುಭಾಷಿ ಶುರು ಮಾಡಿದಳೋ ಇಲ್ಲವೋ, ಕೈ ತಿರುಗಿಸಿ ಹುಬ್ಬಕ್ಕನಿಗೆ ಹೇಳಿದಳು: "ನಮಗೆ ಸಾಲ ಬೇಡ. ಫೋನ್ ಇಟ್ಟರು."

ಮಾರನೆಯ ದಿನ ಯಾರೋ ಎತ್ತಿಕೊಂಡು, ಇರಿ ಎಂದು ಹಾಡು ಹಾಕಿ ಹೋದರು. ಕಪ್ಪಂಗಿಯವಳು ನಿಯಮದ ಪ್ರಕಾರ, ಹಾಡು ಬರುತ್ತಿದೆ ಎಂದಳು. ಇನ್ನೂ ಹಾಡು ಎಂದಳು. ಅದೇ ಹಾಡು ಮತ್ತೆ ಮೊದಲಿಂದ ಎಂದಳು. ಚೆನ್ನಾಗಿದೆಯಾ ಎಂದು ಹುಬ್ಬಕ್ಕ ಕೇಳಿದಳು. ಅಭಿಪ್ರಾಯ ಹೇಳುವಂತಿಲ್ಲವಾದ್ದರಿಂದ ದುಭಾಷಿ ಮುಖ ಕಿವುಚಿದಳು, ಅಷ್ಟೇ. ಹಾಡು ಕೇಳುತ್ತಲೇ ಅವತ್ತಿನ ಬಿಡುವು ಮುಗಿಯಿತು.

ಮೂರನೆಯ ಸಲ ಅಧಿಕಾರಿಯೇ ಸಿಕ್ಕಿದ.

"ನಾನು ಲಾಂಡ್ರಿಯ ರೋಲರ್ ಮೇಲೆ ಕೆಲಸ ಮಾಡೋಳು. ಹುಟ್ಟು ಕಿವುಡಿ. ದುಭಾಷಿ ಮೂಲಕ ಮಾತಾಡ್ತಿದೀನಿ. ಇಲ್ಲಿ ಕೇಳಿಸಿದ್ದೆಲ್ಲಾ ನನಗೆ ತಲುಪುತ್ತೆ."

"ಕಿವುಡಿ ಅಂತೀರಿ, ಇಷ್ಟು ಚೆನ್ನಾಗಿ ಮಾತಾಡ್ತಿದೀರಲ್ಲಮ್ಮ!"

"ಬಾಯಿ ದುಭಾಷಿಯದು. ಮಾತು ನಂದು. ಆ ಕೈ ಸುಟ್ಟ ಹುಡುಗಿ ಬಗ್ಗೆ ಸಾಕ್ಷಿ ಹೇಳ್ಬೇಕಿತ್ತು."

ದುಭಾಷಿಯ ಕೈ ಎದ್ದವು. ಮುಖ ಮರದ ಹಲಗೆಯಂತೆ ಇತ್ತು.

"ನೋಡಮ್ಮ ದುಭಾಷಿ, ನೀವು ಓದಿದೋರು, ನಿಮಗೆ ಅರ್ಥ ಆಗುತ್ತೆ. ಇದನ್ನ ಅವಳಿಗೆ ಹೇಳ್ಬೇಡಿ. ಅವಳ ಹೇಳಿಕೆ ಎಲ್ಲಾ ಆಗಿಹೋಗಿದೆ. ಅವಳ ಅಣ್ಣನೇ ಅವಳ ಪರವಾಗಿ ಫೋನಲ್ಲಿ ಕೊಟ್ಟಿದಾನೆ. ಗಂಟೆ ಹೊಡೀತು, ನನಗೆ ಕೇಳಿಸಿತು, ನಾನು ಕೈ ತೆಗೆದೆ, ಅವಳು ತೆಗೀಲಿಲ್ಲ, ಅಂತ. ಈಗ ಮತ್ತೆ ಕೆದಕಿದ್ರೆ ಇವಳ ಕೆಲಸಕ್ಕೂ ಕುತ್ತು. ಏನೋ ಒಂದು ಸಮಾಧಾನ ಹೇಳಿ ಫೋನ್ ಇಡಿಸಿಬಿಡಿ."

'ಅವಳಿಗೆ ಹೇಳ್ಬೇಡಿ' ಎಂಬುದರಿಂದ ಹಿಡಿದು 'ಇಡಿಸಿಬಿಡಿ' ಎಂಬುದರವರೆಗೆ ಒಂದಕ್ಷರ ಬಿಡದೆ ಕಪ್ಪಂಗಿಯವಳು ಹೇಳಿದಳು. ಹುಬ್ಬಕ್ಕನ ಎಡಹುಬ್ಬು ಹಣೆಯ ಅರ್ಧಕ್ಕೆ ಹೋಗಿ ನಿಂತಿತು.

"ನನಗೆ ಏನು ಕೇಳಿಸಿತಂತೆ? ಇನ್ನೊಂದು ಸಲ ಕೇಳಿ."

ದುಭಾಷಿ ಕೇಳಿದಳು. "ಗಂಟೆ" ಎಂದು ಉತ್ತರ ಬಂತು.

ಹುಬ್ಬಕ್ಕ ನಕ್ಕಳು. ತನ್ನ ನಗು ಹೇಗೆ ಕೇಳುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ಮೆಟ್ಟಿಲ ಕೆಳಗೆ ಬೀಡಿ ಸೇದುತ್ತಿದ್ದ ಇಬ್ಬರು ಬೆಚ್ಚಿ ಮೇಲೆ ನೋಡಿದರು. ನಗು ನಿಂತ ಮೇಲೆ ಕೈ ಎತ್ತಿದಳು.

"ನನ್ನ ಅಮ್ಮ ಸಾಯೋವರೆಗೂ ನನ್ನನ್ನ ಕೂಗಿ ಕರೀತಿದ್ಲಂತೆ. ಅದು ಕೇಳಿಸಲಿಲ್ಲ ನನಗೆ. ನಿಮ್ಮ ಗಂಟೆ ಕೇಳಿಸಿತಾ?"

"ಏನ್ರೀ ಇದು, ಅವಳಿಗೆ ಹೇಳಿಬಿಟ್ರಾ?"

"ಹೇಳ್ಬೇಡಿ ಅಂದಿದ್ದನ್ನೂ ಹೇಳಿದಾರೆ. ಮೊದಲೇ ತಿಳಿಸಿದ್ದೆ, ಕೇಳಿಸಿದ್ದೆಲ್ಲಾ ತಲುಪುತ್ತೆ ಅಂತ. ನಿಮಗೆ ಕಿವಿ ಇದೆ, ನೀವು ಕೇಳಿಸ್ಕೊಳ್ಲಿಲ್ಲ. ಈಗಲಾದ್ರೂ ಬರ್ಕೊಳ್ಳಿ. ನನಗೆ ಯಾವ ಗಂಟೇನೂ ಕೇಳಿಸಿಲ್ಲ. ಅವಳಿಗೂ ಕೇಳಿಸಿಲ್ಲ. ಯಂತ್ರದ ಕಾಲಿಗೆ ರಬ್ಬರ್ ಕೊಟ್ಟು ಅದರ ನಡುಕ ನಮಗೆ ಗೊತ್ತಾಗದ ಹಾಗೆ ಮಾಡಿದ್ರು. ದೀಪ ಇಲ್ಲ."

"ಅದೆಲ್ಲಾ ಹಾಗೆ ಬರೆಯೋಕಾಗಲ್ಲ. ಈ ದನಿ ಯಾರದ್ದು ಅಂತ ನನಗೇನು ಗೊತ್ತು? ಯಾವಳೋ ಫೋನಲ್ಲಿ ನಾನೇ ಅವಳು ಅಂದ್ರೆ ನಂಬೋದಾ?"

"ಹೋದ ಸಲ ಗಂಡಸು ಮಾತಾಡಿದ. ಅದು ನನ್ನ ದನಿ ಅಂತ ನಂಬಿದ್ರಿ. ಈ ಸಲ ಹೆಂಗಸು ಮಾತಾಡಿದ್ರೆ ಅನುಮಾನವಾ? ಹುಟ್ಟು ಕಿವುಡಿಗೆ ಗಂಟೆ ಕೇಳಿಸಿತು ಅಂತ ನೀವು ಬರೆದಿದ್ದನ್ನ ನಾನು ಕಾರ್ಮಿಕ ಇಲಾಖೆಯವರ ಮುಂದೆ ಇಡ್ತೀನಿ. ಅವರೂ ಸ್ವಲ್ಪ ನಗಲಿ."

ಕೈಮಾತಿನಲ್ಲಿ ನೀನು, ನೀವು ಎಂಬ ಭೇದವಿಲ್ಲ, ಎದುರಿನವರ ಕಡೆ ಬೆರಳು ತೋರಿಸಿದರೆ ಆಯಿತು. 'ನೀವು' ಎಂಬ ಮರ್ಯಾದೆಯೆಲ್ಲ ದುಭಾಷಿ ಕೊಟ್ಟದ್ದು. ಹುಬ್ಬಕ್ಕನ ಬೆರಳು ತೋರಿಸಿದ ರೀತಿಯಲ್ಲಿ ಅಂಥ ಮರ್ಯಾದೆಯೇನೂ ಇರಲಿಲ್ಲ.

ಅಧಿಕಾರಿ ಕೆಮ್ಮಿದ. ದುಭಾಷಿ, ಕೆಮ್ಮು ಎಂದು ತಿಳಿಸಿದಳು. "ಸರಿ, ನಾಳೆ ಬೆಳಿಗ್ಗೆ ನಾನೇ ಖುದ್ದಾಗಿ ಬರ್ತೀನಿ. ನಿಮ್ಮ ಅಣ್ಣನೂ ಇರಲಿ, ಆ ಹುಡುಗಿಯೂ ಇರಲಿ. ಎದುರೆದುರೇ ಕೇಳ್ತೀನಿ. ಸುಳ್ಳು ಅಂತ ಗೊತ್ತಾದ್ರೆ ಮಾತ್ರ ನೆಟ್ಟಗಿರಲ್ಲ."

ಸಂಜೆ ಮನೆಗೆ ಹೋದಾಗ ಅಣ್ಣ ಊಟಕ್ಕೆ ಕೂತಿದ್ದ. ಐದು ದಾಟಿತ್ತು, ದುಭಾಷಿಯ ಬಾಗಿಲು ಹಾಕಿತ್ತು. ಜಗಳವನ್ನು ಮನೆಯ ಸನ್ನೆಯಲ್ಲೇ ಆಡಬೇಕು. ಹುಟ್ಟಿದಾಗಿನಿಂದ ಜೊತೆಗಿದ್ದರೂ ಅಣ್ಣನಿಗೆ ಬರುತ್ತಿದ್ದದ್ದು ಬಾ, ಹೋಗು, ತಿನ್ನು, ಬೇಡ, ಹೇಳಿದೀನಿ, ನೋಡ್ತಾರಂತೆ ಅನ್ನುವಷ್ಟೇ. ಮದುವೆಯಾಗಿ ಬಂದ ಅತ್ತಿಗೆ ಅವನಿಗಿಂತ ಹೆಚ್ಚು ಕಲಿತಿದ್ದಳು. ಒಲೆಯ ಹತ್ತಿರ ನಿಂತು ಅವಳೇ ನಡುನಡುವೆ ಬಿಡಿಸಿ ಹೇಳಿದಳು.

"ನನಗೆ ಗಂಟೆ ಕೇಳಿಸಿತಾ ಅಣ್ಣ?"

ಅಣ್ಣನ ತುತ್ತು ಕೈಯಲ್ಲೇ ಉಳಿಯಿತು. ಮೊದಲು ಏನೂ ಗೊತ್ತಿಲ್ಲದವನಂತೆ ನೋಡಿದ. ಆಮೇಲೆ ಬಾಯಿ, ಕೈ ಎರಡೂ ಒಟ್ಟಿಗೆ ಓಡತೊಡಗಿದವು. "ಮ್ಯಾನೇಜರ್ ಎದುರಿಗೇ ಕೂತಿದ್ರು ಕಣಮ್ಮ. ನಂಬರ್ ಅವರೇ ಹಚ್ಚಿಕೊಟ್ರು. ಅವರು ಕೇಳಿದ್ದಕ್ಕೆಲ್ಲ ಹೂಂ ಅಂದೆ. ನಿನ್ನ ಕೆಲಸ ಉಳೀಲಿ ಅಂತ. ನನ್ನ ವ್ಯಾನೂ ಅವರ ಕೈಲೇ ಇದೆಯಲ್ಲ."

"ದೀಪ ಕೇಳಿದ್ಯಾ? ಅಷ್ಟು ಸಲ ಹೇಳಿದ್ನಲ್ಲ, ಒಂದು ಸಲನಾದ್ರೂ ಕೇಳಿದ್ಯಾ?"

ಅವನು ತಟ್ಟೆ ನೋಡಿದ. ಅತ್ತಿಗೆ ಗಂಡನ ಕಡೆ ತಿರುಗಿ ಏನೋ ಅಂದಳು. ಅವಳ ಮುಖ ನೋಡಿದರೆ ಅದು ಒಳ್ಳೆಯ ಮಾತಲ್ಲ.

"ಕೇಳಿದ್ರೆ ಕಿರಿಕಿರಿ ಮಾಡೋ ಜನ ಅಂತ ತೆಗೆದುಹಾಕ್ತಾರೆ. ಅದಕ್ಕೇ..."

ಹುಬ್ಬಕ್ಕ ಅಲ್ಲೇ ಕೂತಳು. ನೋಡ್ತಾರಂತೆ, ನೋಡ್ತಾರಂತೆ ಎಂದು ಅವನು ಕೈಯಾಡಿಸಿದ್ದೆಲ್ಲ ಕಣ್ಣ ಮುಂದೆ ಬಂತು. ಗುಂಗುರಿಯ ಕೈ ಸುಟ್ಟದ್ದು ಕಂಪನಿಯ ಬೆಂಕಿಯಲ್ಲಿ ಮಾತ್ರ ಅಲ್ಲ. ಇನ್ನೊಂದು ನೆನಪಾಯಿತು, ಕೇಳಬಾರದು ಅಂದುಕೊಂಡರೂ ಕೈ ತಡೆಯಲಿಲ್ಲ.

"ಪುಸ್ತಕಕ್ಕೆ ಬೈಂಡ್ ಹಾಕೋನೊಬ್ಬ ಆಗ ನನ್ನನ್ನ ಮದುವೆ ಆಗ್ತೀನಿ ಅಂತ ಬಂದಿದ್ನಲ್ಲ. ಆಮೇಲೆ ಫೋನಲ್ಲಿ ಅವರ ಮನೆಯೋರು ಬೇಡ ಅಂದ್ರು ಅಂತ ನೀನಂದೆ. ಬೇಡ ಅಂದಿದ್ದು ಅವರಾ, ನೀನಾ?"

ಅಣ್ಣ ತಲೆ ಎತ್ತಲಿಲ್ಲ. ಅತ್ತಿಗೆ ಅದನ್ನು ಅವನಿಗೆ ಬಿಡಿಸಿ ಹೇಳುವ ಅಗತ್ಯವೂ ಬೀಳಲಿಲ್ಲ. ಹುಬ್ಬಕ್ಕ ಎದ್ದು ಹೋಗಿ ತನ್ನ ಅಂಗೈಯನ್ನು ಅವನ ಬಾಯಿಯ ಮೇಲೆ ಇಟ್ಟಳು. ಹೊಡೆಯಲಿಲ್ಲ, ಒತ್ತಿ ಹಿಡಿದಳು. ಅವನ ಮೂಗಿನಿಂದ ಬಿಸಿ ಉಸಿರು ಅವಳ ಬೆರಳಿಗೆ ತಾಗುತ್ತಿತ್ತು. ಇನ್ನು ಮೇಲೆ ಇದು ನನ್ನ ಹೆಸರಲ್ಲಿ ತೆರೆಯಬಾರದು ಎನ್ನುವುದಕ್ಕೆ ಮನೆಯ ಸನ್ನೆ ಸಾಕಾಯಿತು. ಅವತ್ತು ಅವಳು ಊಟ ಮಾಡಲಿಲ್ಲ. ಅತ್ತಿಗೆಯೂ ಮಾಡಲಿಲ್ಲ.

ಬೆಳಿಗ್ಗೆ ಹಾಲಿಗೆ ಎಲ್ಲರೂ ಬಂದರು. ಅಧಿಕಾರಿ, ಮ್ಯಾನೇಜರ, ಮೇಸ್ತ್ರಿ, ವ್ಯಾನಿನಿಂದ ಇಳಿಸಿ ಕರೆತಂದ ಅಣ್ಣ. ಬ್ಯಾಂಡೇಜಿನ ಕೈ ಎದೆಗೆ ಕಟ್ಟಿಕೊಂಡು ಗುಂಗುರಿ. ರೋಲರು ಕಾದು ನಿಂತಿತ್ತು, ಇನ್ನೂ ಶುರುವಾಗಿರಲಿಲ್ಲ. ಕಿವುಡರು ಯಾರೂ ಶೀಟು ಎತ್ತಲಿಲ್ಲ.

"ಕೇಳಯ್ಯ ನಿನ್ನ ತಂಗೀನ. ಅವತ್ತು ಏನಾಯ್ತು ಅಂತ ನೀನೇ ಇವರಿಗೆ ಹೇಳು" ಎಂದ ಮ್ಯಾನೇಜರ.

ಅಣ್ಣ ಬಾಯಿ ತೆರೆದ. ತಂಗಿಯ ಕಡೆ ನೋಡಿದ. "ಅವಳನ್ನೇ ಕೇಳಿ ಸಾರ್" ಎಂದು ನೆಲ ನೋಡಿದ. ಅಷ್ಟು ಹೇಳುವುದಕ್ಕೆ ಅವನ ಅಂಗಿ ಬೆವರಿನಿಂದ ತೊಯ್ದಿತ್ತು.

ಹುಬ್ಬಕ್ಕ ಅವತ್ತು ಫೋನನ್ನು ಪೆಟ್ಟಿಗೆಗೆ ಹಾಕಿರಲಿಲ್ಲ, ಆಗಲೇ ಶೀಟಿನ ರಾಶಿಗೆ ಒರಗಿಸಿ ಸದ್ದು ಜೋರು ಮಾಡಿ ಇಟ್ಟಿದ್ದಳು. ಎಲ್ಲ ದುಭಾಷಿಗಳೂ ಬೇರೆ ಕರೆಯಲ್ಲಿದ್ದಾರೆ. ಕಾಯುವಾಗಿನ ಹಾಡು ಹಾಲಿನ ತುಂಬ ಬಂತು. ಕಿವಿ ಇದ್ದವರೆಲ್ಲ ಅದನ್ನು ಕೇಳುತ್ತ ನಿಂತರು. ಅಧಿಕಾರಿ ಒಮ್ಮೆ ಗಡಿಯಾರ ನೋಡಿಕೊಂಡ, ಒಮ್ಮೆ ಸೂರು ನೋಡಿದ. ಕಾಯುವುದು ಅವರಿಗೆ ಅಭ್ಯಾಸವಿರಲಿಲ್ಲ, ಕಿವುಡರಿಗೆ ಅಭ್ಯಾಸವಾಗಿತ್ತು.

ಕೊನೆಗೆ ಪರದೆಗೆ ಬಂದದ್ದು ಗಡ್ಡದ ದುಭಾಷಿ. ಅವತ್ತು ಹುಬ್ಬಕ್ಕ ಗಂಡುದನಿಯಲ್ಲಿ ಮಾತಾಡಿದಳು. ಈ ಸಲ ಅಧಿಕಾರಿ ದನಿ ಯಾರದೆಂದು ಕೇಳಲಿಲ್ಲ.

"ಅವತ್ತಿನದು ನಿನ್ನೆ ಹೇಳಿ ಆಗಿದೆ. ಇವತ್ತಿನದು ಕೇಳಿ. ದೀಪ ಬರೋವರೆಗೆ, ಆ ರಬ್ಬರ್ ತೆಗೆಯೋವರೆಗೆ, ಇವಳ ಮೇಲೆ ಹೊರಿಸಿದ ತಪ್ಪು ಅಳಿಸೋವರೆಗೆ ನಾವು ಯಾರೂ ಈ ಸಂದಿಗೆ ಕೈ ಹಾಕಲ್ಲ."

"ಹಾಕದಿದ್ರೆ ಹೋಗ್ತಾ ಇರಿ. ನೀವಲ್ದಿದ್ರೆ ಹತ್ತು ಜನ ಸಿಗ್ತಾರೆ" ಎಂದ ಮ್ಯಾನೇಜರ. ಗಡ್ಡದವನ ಕೈ ಅದನ್ನೂ ಹೇಳಿದವು. ಅಧಿಕಾರಿಯ ಕಡೆ ತಿರುಗಿ ಮ್ಯಾನೇಜರ ದನಿ ಇಳಿಸಿದ. "ಗಂಟೆ ಸರಿಯಾಗೇ ಇದೆ ಸಾರ್. ಆಚೆ ಬೀದಿಗೂ ಕೇಳಿಸುತ್ತೆ. ಇವಕ್ಕೆ ಸೊಕ್ಕು, ಅಷ್ಟೇ." ಇಳಿಸಿದ ದನಿಯೂ ಫೋನಿಗೆ ಕೇಳಿಸಿತ್ತು. ಸೊಕ್ಕು ಎನ್ನುವುದಕ್ಕೆ ಗಡ್ಡದವನು ತೋರಿಸಿದ ಕೈ ನೋಡಿ ಕಿವುಡರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಹುಬ್ಬಕ್ಕ ಒಂದು ಒದ್ದೆ ಶೀಟನ್ನು ಮುದುಡಿ ಉರುಳೆಯ ಸಂದಿಗೆ ತುರುಕಿದಳು. ಆಮೇಲೆ ಪಕ್ಕಕ್ಕೆ ಸರಿದು, ತಾನು ನಿಲ್ಲುವ ಜಾಗವನ್ನು ಮ್ಯಾನೇಜರನಿಗೆ ತೋರಿಸಿದಳು.

"ಗಂಟೆ ಅಷ್ಟು ಚೆನ್ನಾಗಿದ್ರೆ ಬನ್ನಿ. ನಿಮಗೆ ಕಿವಿ ಚೆನ್ನಾಗಿದೆ. ಇಲ್ಲಿ ನಿಂತು ಆ ಶೀಟು ತೆಗೀರಿ. ಆಚೆ ಹೋಗಿ ಗಂಟೆ ನಾನು ಹೊಡೀತೀನಿ. ಯಾವಾಗ ಅಂತ ಹೇಳಲ್ಲ. ನಮಗೆ ಯಾರೂ ಹೇಳ್ತಿರ್ಲಿಲ್ಲ. ಕೇಳಿಸಿದ ಕೂಡಲೇ ಕೈ ತೆಗೆದುಬಿಡಿ, ಅಷ್ಟೇ ಕೆಲಸ."

ಮ್ಯಾನೇಜರ ನಕ್ಕ. ಯಾರೂ ಜೊತೆಗೆ ನಗಲಿಲ್ಲ. ಹುಬ್ಬಕ್ಕ ಯಂತ್ರದ ಆಚೆ ಬದಿಗೆ ನಡೆದು ಹೋದಳು. ಆಪರೇಟರು ತಾನಾಗಿಯೇ ದಾರಿ ಬಿಟ್ಟ. ಅಲ್ಲಿಂದ ಅವಳಿಗೆ ಈಚೆಯವರು ಯಾರೂ ಕಾಣುತ್ತಿರಲಿಲ್ಲ. ಒಂದು ಕೈ ಗಂಟೆಯ ಹಗ್ಗದ ಮೇಲೆ, ಇನ್ನೊಂದು ಶುರು ಮಾಡುವ ಹಿಡಿಯ ಮೇಲೆ ಇಟ್ಟು ನಿಂತಳು.

"ಕೈ ಹಾಕಿ ಮ್ಯಾನೇಜರೇ, ಒಂದು ಸಲ" ಎಂದ ಅಧಿಕಾರಿ. ಅವನಿಗೂ ನೋಡುವ ಆಸೆ ಹುಟ್ಟಿತ್ತು.

ಮ್ಯಾನೇಜರ ಸಂದಿಯ ಮುಂದೆ ಬಂದು ನಿಂತ. ಕಾದ ಉರುಳೆಗಳ ಬಿಸಿ ಮುಖಕ್ಕೆ ಹೊಡೆಯಿತು. ಫೋಟೋಕ್ಕೆ ನಿಂತದ್ದು ಬಿಟ್ಟರೆ ಇಷ್ಟು ಹತ್ತಿರ ಅವನು ಬಂದವನಲ್ಲ. ತೋಳು ಮೇಲೆ ಮಡಚಿದ. ಕೈ ಮುಂದೆ ಚಾಚಿದ. ಅರ್ಧಕ್ಕೆ ಹೋದ ಕೈ ಅಲ್ಲೇ ನಿಂತಿತು. ಹಿಂದೆ ಬಂತು. ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡ.

ಅಧಿಕಾರಿ ಅವನನ್ನು ನೋಡಿದ. ಮೇಸ್ತ್ರಿ ಬೇರೆ ಕಡೆ ನೋಡಿದ. ಅಣ್ಣ ಜೇಬಿನೊಳಗಿನ ಆ ಕೈಗಳನ್ನೇ ನೋಡುತ್ತಿದ್ದ.

ಬಹಳ ಹೊತ್ತಾದ ಮೇಲೆ ಹುಬ್ಬಕ್ಕ ಆಚೆಯಿಂದ ನಡೆದು ಬಂದಳು. ಜೇಬು ನೋಡಿದಳು. ಪರದೆಯ ಕಡೆ ತಿರುಗಿ ಕೇಳಿದಳು: "ಏನಂತಿದಾರೆ?"

ಗಡ್ಡದ ದುಭಾಷಿ ಕಿವಿಗೊಟ್ಟು ಕೇಳಿದ. ನಿಯಮದ ಪ್ರಕಾರ ಕೇಳಿಸಿದ್ದನ್ನೆಲ್ಲ ಹೇಳಬೇಕು, ಕೇಳಿಸದ್ದನ್ನು ಸೇರಿಸುವಂತಿಲ್ಲ.

"ಯಾರೂ ಏನೂ ಮಾತಾಡ್ತಿಲ್ಲ" ಎಂದ.

ಗುಂಗುರಿ ಶೀಟಿನ ರಾಶಿಯ ಮೇಲೆ ಹೋಗಿ ಕೂತಳು. ಒಬ್ಬೊಬ್ಬರಾಗಿ ಉಳಿದ ಕಿವುಡರೂ ಕೂತರು. ಹುಬ್ಬಕ್ಕ ಅವರ ನಡುವೆ ಜಾಗ ಮಾಡಿಕೊಂಡು ಕೂತು, ದುಭಾಷಿಗೆ ಕೈ ಎತ್ತಿ ಹೇಳಿದಳು:

"ಫೋನ್ ಇಡಬೇಡಿ. ಅವರಿಗೆ ಮಾತು ಬರೋವರೆಗೆ ಕಾಯ್ತೀವಿ."